ಉಚ್ಚಂಗೆಪ್ಪನ ‘ರಿ’

ದಾವಣಗೆರೆಯ ಗೋಡೆಗಳ ಮೇಲೆ ಇವತ್ತು ತೂಗುತ್ತಿರುವ ಹಿರಿಯರಲ್ಲಿ ಮುಕ್ಕಾಲು ಪಾಲು ಜನ ನನ್ನ ಕೈಯಿಂದಲೇ ಮೇಲೆ ಹೋದವರು. ತಪ್ಪು ತಿಳಿಯಬೇಡಿ. ಸಾಯಿಸಿದ್ದು ನಾನಲ್ಲ, ಫೋಟೋಗೆ ಕಟ್ಟು ಹಾಕಿದ್ದು ನಾನು. ಹಳೇ ಪೇಟೆಯಲ್ಲಿ ನನ್ನದೊಂದು ಫ್ರೇಮಿನ ಅಂಗಡಿ ಇದೆ. ಅದರ ಅಗಲ ಎಷ್ಟು ಅಂದರೆ ನಾನು ಒಳಗೆ ಕೂತರೆ ಗಿರಾಕಿ ಬೀದಿಯಲ್ಲಿ ನಿಲ್ಲಬೇಕು. ಹೆಸರು ಎಷ್ಟು ಅಂದರೆ ಹುಬ್ಬಳ್ಳಿಯವರು ತಮ್ಮ ಅಜ್ಜನನ್ನು ಬಗಲಲ್ಲಿ ಇಟ್ಟುಕೊಂಡು ರೈಲು ಹತ್ತಿ ಬರುತ್ತಾರೆ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರನ್ನು ಒಂದೇ ಗಾಜಿನ ಕೆಳಗೆ ಕೂಡಿಸಿ ಮೊಳೆ ಹೊಡೆದವನು ಈ ಅಂಜನಕುಮಾರ. ಹಾಗಾಗಿ ಈ ಊರಿನ ಚರಿತ್ರೆ ನನಗೆ ಗೊತ್ತಿರುವಷ್ಟು ಯಾವ ಕಾಲೇಜಿನ ಮೇಷ್ಟರಿಗೂ ಗೊತ್ತಿಲ್ಲ.

ಕುದುರೆಗಳನ್ನು ದಾವಣಿ ಹಗ್ಗದಿಂದ ಕಟ್ಟುತ್ತಿದ್ದ ಕೆರೆ, ಅದಕ್ಕೇ ದಾವಣಗೆರೆ ಅಂತ ಊರವರು ಹೇಳುತ್ತಾರೆ. ಎಷ್ಟು ಕುದುರೆ ಅಂತ ಯಾರೂ ಹೇಳುವುದಿಲ್ಲ. ನನ್ನನ್ನು ಕೇಳಿದರೆ ಒಂದು ಲಕ್ಷ. ಕಡಿಮೆ ಹೇಳಿದರೆ ಕೇಳಿದವರಿಗೇ ಬೇಜಾರು. ಬಟ್ಟೆ ಗಿರಣಿಗಳು ನಡೆಯುತ್ತಿದ್ದ ಕಾಲಕ್ಕೆ ಬೆಳಗಿನ ಸೈರನ್ ಕೂಗಿದರೆ ಮಾಯಕೊಂಡದ ಕೋಳಿಗಳು ನಾಚಿಕೊಂಡು ಸುಮ್ಮನಾಗುತ್ತಿದ್ದವು ಅಂತ ನಮ್ಮಪ್ಪ ಹೇಳುತ್ತಿದ್ದ. ನಾನು ಅದನ್ನು ಚಿತ್ರದುರ್ಗದ ಕೋಳಿಗಳ ತನಕ ಒಯ್ದಿದ್ದೇನೆ. ಅಪ್ಪನ ಆಸ್ತಿಯನ್ನು ಮಗ ಬೆಳೆಸಬೇಕಲ್ಲ.

ನನಗೆ ಆಗದವರೂ ಈ ಲೋಕದಲ್ಲಿ ಇದ್ದಾರೆ. ಬೆಂಗಳೂರಿನಲ್ಲಿ ನಮ್ಮೂರ ಹೆಸರನ್ನು ಬೋರ್ಡಿಗೆ ಹಾಕಿ ದೋಸೆಯ ಜತೆ ಕೆಂಪು ಚಟ್ನಿ ಕೊಡುವವರು. ಸರ್ಕಲ್ಲಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿಸಿಕೊಂಡು, ಕಪ್ಪು ಕನ್ನಡಕದಲ್ಲಿ ಆಕಾಶದ ಕಡೆ ಬೆರಳು ತೋರಿಸುವ ಹುಡುಗರು. ಫ್ಲೆಕ್ಸಿಗೆ ಯಾರೂ ಕಟ್ಟು ಹಾಕಿಸುವುದಿಲ್ಲವಲ್ಲ, ಆ ಸಂಕಟ ಬೇರೆ. ರೈಲ್ವೆ ಗೇಟ್ ಬಿದ್ದಾಗ ಬೈಕನ್ನು ಓರೆ ಮಾಡಿ, ತಲೆ ತಗ್ಗಿಸಿ, ಕೆಳಗೆ ನುಸುಳಿ ಆಚೆ ಹೋಗಿ ಎದೆ ಸೆಟೆಸುವವರು. ಇವರನ್ನೆಲ್ಲ ಒಂದು ತಕ್ಕಡಿಗೆ ಹಾಕಿ, ಇನ್ನೊಂದಕ್ಕೆ ನನ್ನ ಷಡ್ಡಕ ಉಚ್ಚಂಗೆಪ್ಪನೊಬ್ಬನನ್ನೇ ಕೂರಿಸಿ. ಅವನ ತಕ್ಕಡಿ ನೆಲ ಒಡೆದುಕೊಂಡು ಪಾತಾಳಕ್ಕೆ ಹೋಗುತ್ತದೆ.

ಷಡ್ಡಕ ಅಂದರೆ ನನ್ನ ಹೆಂಡತಿ ಆಶಾರಾಣಿಯ ತಂಗಿಯ ಗಂಡ. ಹರಿಹರದವನು, ಅಲ್ಲಿ ಒಂದು ಲೇತ್ ಮಷಿನ್ ಇಟ್ಟುಕೊಂಡಿದ್ದಾನೆ. ಹೆಸರು ನೋಡಿದರೆ ನಮ್ಮ ಕಡೆಯ ಉಚ್ಚಂಗಿ ಗುಡ್ಡದ್ದು, ವಾಸ ನೋಡಿದರೆ ತುಂಗಭದ್ರೆಯ ದಂಡೆ. ಅದೇ ನನ್ನ ಮೊದಲ ತಕರಾರು. ಎರಡನೆಯದು ಅವನು ಮಾತೇ ಆಡುವುದಿಲ್ಲ ಅನ್ನುವುದು. ನಾನು ಒಂದು ತಾಸು ನಮ್ಮೂರಿನ ಗಿರಣಿ, ದೋಸೆ, ಮಂಡಕ್ಕಿ ಭಟ್ಟಿ, ಕುದುರೆ ಎಲ್ಲ ವರ್ಣಿಸಿ ಉಸಿರು ತೆಗೆದುಕೊಳ್ಳುವಾಗ ಅವನು ಮೆಲ್ಲಗೆ, ‘ಎಲ್ಲಾ ಸರಿ ಅಣ್ಣಾರೆ. ನೀರು ಮಾತ್ರ ನಮ್ಮ ಕಡೀದು ಕುಡೀತೀರಿ’ ಅನ್ನುತ್ತಾನೆ. ಅಷ್ಟೇ. ನನ್ನ ಒಂದು ಲಕ್ಷ ಕುದುರೆ ಅಲ್ಲೇ ಹೊಳೆಗೆ ಬಿದ್ದು ಕೊಚ್ಚಿಕೊಂಡು ಹೋಗುತ್ತವೆ. ಇಬ್ಬರು ದೇವರು ಒಂದೇ ಮೈಯಲ್ಲಿ ಹೊಂದಿಕೊಂಡು ನಿಂತ ಊರಿನಿಂದ ಬಂದವನು ಅವನು. ಎಲ್ಲಿ ಕೂರಿಸಿದರೂ ಹೊಂದಿಕೊಂಡು ಕೂರುತ್ತಾನೆ. ಆದರೆ ಅವನು ಕೂತ ಜಾಗ ನನ್ನದು. ಕತೆ ಇರುವುದೇ ಅಲ್ಲಿ.

ನಮ್ಮ ಮದುವೆಗಳು ಎರಡೂ ಒಂದೇ ಚಪ್ಪರದಲ್ಲಿ ಆದವು, ಹರಿಹರ ತಾಲೂಕಿನ ಕಡರನಾಯಕನಹಳ್ಳಿಯಲ್ಲಿ, ನಮ್ಮ ಅತ್ತೆ ಭೀಮವ್ವನ ಮನೆ ಮುಂದೆ. ಅಕ್ಕನಿಗೆ ನಾನು, ತಂಗಿಗೆ ಅವನು. ಅಕ್ಕನ ಕೊರಳಿಗೆ ಮೊದಲು ತಾಳಿ ಬೀಳಬೇಕು, ಆಮೇಲೆ ತಂಗಿಗೆ. ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಹತ್ತಿರದ ಊರು, ಬೆಳಿಗ್ಗೆ ಹೋದರಾಯಿತು ಅಂತ ನಮ್ಮ ದಿಬ್ಬಣ ಮುಹೂರ್ತದ ದಿನವೇ ದಾವಣಗೆರೆ ಬಿಟ್ಟಿತು. ಅರ್ಧ ಊರೇ ಹೊರಟಿತ್ತು ಅನ್ನಿ. ಮೊದಲ ಮೆಟಡೋರ್ ಹೊಳೆ ದಂಡೆ ಮುಟ್ಟಿದಾಗ ಕೊನೆಯದು ನಮ್ಮ ಓಣಿಯಲ್ಲಿ ಇನ್ನೂ ಹಾರ್ನ್ ಹೊಡೆಯುತ್ತಿತ್ತು. ‘ಎರಡೇ ಮೆಟಡೋರ್ ಇದ್ವು’ ಅನ್ನುತ್ತಾಳೆ ಆಶಾರಾಣಿ. ಅವಳು ಅಲ್ಲಿ ಅರಿಶಿನ ಹಚ್ಚಿಸಿಕೊಂಡು ಕೂತಿದ್ದಳು, ಅವಳಿಗೇನು ಗೊತ್ತು?

ಊರ ನಡುವಿನ ರೈಲ್ವೆ ಗೇಟಿಗೆ ನಾನಿದ್ದ ಗಾಡಿ ಬಂತು. ಗೇಟ್ ಬಿತ್ತು. ಒಂದು ಗೂಡ್ಸ್ ಬಂತು. ಅದರ ಉದ್ದ ಎಷ್ಟು ಅಂದರೆ, ಎಂಜಿನ್ನು ಹರಿಹರದ ಸ್ಟೇಷನ್ ದಾಟುವಾಗ ಗಾರ್ಡು ಚಿಕ್ಕಜಾಜೂರಿನಲ್ಲಿ ಚಾ ಕುಡಿಯುತ್ತಿದ್ದ. ಬೇರೆ ದಿನ ಆಗಿದ್ದರೆ ಅದು ಬರುವ ಮೊದಲೇ ನಾನೂ ಯಾರದೋ ಬೈಕ್ ಹತ್ತಿ ಕೆಳಗೆ ನುಸುಳಿಬಿಡುತ್ತಿದ್ದೆ. ಆದರೆ ಮನೆಯಲ್ಲೇ ಬಾಸಿಂಗ ಕಟ್ಟಿ ಹೊರಡಿಸಿದ್ದರು. ಬಾಸಿಂಗ ಕಟ್ಟಿದ ತಲೆ ಗೇಟಿನ ಕಂಬದ ಕೆಳಗೆ ಹೋಗುತ್ತದೆಯೇ? ಒಂದು ಸಲ ಬಗ್ಗಿ ನೋಡಿದೆ. ಮುತ್ತಿನ ಕುಚ್ಚು ಕಂಬಕ್ಕೆ ಸಿಕ್ಕಿಕೊಂಡಿತು. ಗೇಟು ಏಳುವ ತನಕ ಮದುಮಗ ಬಗ್ಗಿಯೇ ನಿಂತಿದ್ದ.

‘ಗೇಟೂ ಇಲ್ಲ, ಗೂಡ್ಸೂ ಇಲ್ಲ. ದೋಸಿ ತಿನ್ನಾಕೆ ಇಳಿದಿದ್ರು, ಇನ್ನೊಂದು ಇನ್ನೊಂದು ಅಂತ ಕೂತ್ರು’ ಅಂತ ಆಶಾರಾಣಿ ಇವತ್ತಿಗೂ ಕಂಡವರ ಮುಂದೆಲ್ಲ ಹೇಳುತ್ತಾಳೆ. ಹೆಂಡತಿ ಹೇಳಿದ್ದನ್ನೆಲ್ಲ ನಂಬುವವರಿಗೆ ಈ ಕತೆ ಅಲ್ಲ.

ನಾನು ಚಪ್ಪರಕ್ಕೆ ಕಾಲಿಟ್ಟಾಗ ಉಚ್ಚಂಗೆಪ್ಪನ ತಲೆಯ ಮೇಲೆ ಅಕ್ಷತೆ ಇತ್ತು. ಹಿಂದಿನ ದಿನವೇ ಬಂದು ಕೂತಿದ್ದನಂತೆ. ಮುಹೂರ್ತ ಮೀರುತ್ತದೆ ಅಂತ ಐನೋರು ಅವಸರ ಮಾಡಿದರಂತೆ. ‘ಬಂದೋರದು ಆಗ್ಲಿ’ ಅಂದರಂತೆ ನಮ್ಮ ಮಾವ. ‘ಗೇಟ್ ಹಾಕಿದ್ರು’ ಅಂದೆ ನಾನು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಆ ನಗುವಿನ ಸದ್ದಿಗೆ ಹೊಳೆಯಾಚೆ ಎತ್ತುಗಳು ಬೆದರಿದವು.

ಹೋಗಲಿ, ಒಂದು ತಾಳಿ ಹಿಂದೆ ಮುಂದೆ ಆದರೆ ಏನಾಗುತ್ತದೆ ಅನ್ನಬಹುದು ನೀವು. ಭೀಮವ್ವನ ಮನೆಯ ಪದ್ಧತಿ ನಿಮಗೆ ಗೊತ್ತಿಲ್ಲ. ಆ ಮನೆಯಲ್ಲಿ ಹಬ್ಬವಾಗಲಿ, ನಾಮಕರಣವಾಗಲಿ, ಪಂಕ್ತಿ ಕೂತರೆ ಮೊದಲ ತುತ್ತು ಎತ್ತಬೇಕಾದವನು ಹಿರಿ ಅಳಿಯ. ಅವನ ಕೈ ಬಾಯಿಗೆ ಹೋಗುವ ತನಕ ಉಳಿದವರ ಕೈ ಎಲೆಯ ಮೇಲೆ ಗಾಳಿಯಲ್ಲೇ. ಹಿರಿ ಮಗಳ ಗಂಡ ನಾನು. ಮೊದಲು ತಾಳಿ ಕಟ್ಟಿದವನು ಅವನು. ‘ಯಾರು ಮೊದಲು ಅಳಿಯ ಆದ್ರೋ ಅವ್ರೇ ಹಿರಿ ಅಳಿಯ’ ಅಂತ ಮದುವೆಯ ಊಟಕ್ಕೇ ತೀರ್ಮಾನ ಕೊಟ್ಟು ನಮ್ಮ ಮಾವ ಕೆಲವು ವರ್ಷಕ್ಕೆ ಕಣ್ಣು ಮುಚ್ಚಿದರು. ಅಪೀಲಿಗೆ ಜಾಗವೇ ಉಳಿಯಲಿಲ್ಲ.

ಅವತ್ತಿನಿಂದ ನಾನು ಉಚ್ಚಂಗೆಪ್ಪನ ತುತ್ತು ಕಾಯುತ್ತಿದ್ದೇನೆ. ಅವನು ಊಟ ಮಾಡುವುದನ್ನು ನೀವು ನೋಡಬೇಕು. ಮೊದಲು ಎಲೆಯ ಸುತ್ತ ನೀರು ಬಿಡುತ್ತಾನೆ. ಆಮೇಲೆ ಹೋಳಿಗೆಯನ್ನು ನೋಡುತ್ತಾನೆ. ಹೋಳಿಗೆ ಅವನನ್ನು ನೋಡುತ್ತದೆ. ಒಂದು ಚೂರು ಮುರಿದು ತುಪ್ಪದಲ್ಲಿ ಅದ್ದುತ್ತಾನೆ, ಕೆಳಗಿಡುತ್ತಾನೆ, ಮತ್ತೆ ಎತ್ತುತ್ತಾನೆ, ಕೈ ನಡುಗಿಸುತ್ತಾನೆ. ಅಷ್ಟರೊಳಗೆ ನನ್ನ ಎಲೆಯ ತುಪ್ಪ ಗಟ್ಟಿಯಾಗಿ, ಅದರ ಮೇಲೆ ಇರುವೆಗಳು ನಡೆದಾಡಿ, ಮನೆ ಕಟ್ಟಿ, ಮಕ್ಕಳು ಮರಿ ಮಾಡುತ್ತವೆ. ಬೇಕೆಂದೇ ಮಾಡುತ್ತಾನೆ, ನನ್ನನ್ನು ಸುಡಲಿಕ್ಕೇ ಮಾಡುತ್ತಾನೆ ಅಂತ ನಾನು ಬರೆದುಕೊಡಬಲ್ಲೆ. ಬಾಯಲ್ಲಿ ಮಾತ್ರ ‘ಅಣ್ಣಾರೆ, ಅಣ್ಣಾರೆ.’

ತುತ್ತಿಗಿಂತ ಹೆಚ್ಚು ಉರಿಸಿದ್ದು ಇನ್ನೊಂದಿದೆ. ಒಂದೇ ಒಂದು ಅಕ್ಷರ.

ಭೀಮವ್ವ ಉಚ್ಚಂಗೆಪ್ಪನಿಗೆ ‘ಬರ್ರಿ, ಕೂಡ್ರಿ, ಉಣ್ರಿ’ ಅನ್ನುತ್ತಾಳೆ. ತಲೆ ಮೇಲೆ ಸೆರಗು ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು ಅನ್ನುತ್ತಾಳೆ. ನನಗೆ ‘ಬಾ, ಕೂಡು, ಉಣ್ಣು.’ ಸೆರಗೂ ಇಲ್ಲ, ಮರೆಯೂ ಇಲ್ಲ, ‘ರಿ’ಯೂ ಇಲ್ಲ. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ‘ರಿ’ ಸಿಕ್ಕಿತ್ತು ಅಂತ ನೆನಪು. ಆಮೇಲೆ ಅದು ಯಾವಾಗ, ಯಾವ ಕಾರಣಕ್ಕೆ ಉದುರಿತೋ ಗೊತ್ತಿಲ್ಲ. ಇಡೀ ದಾವಣಗೆರೆಯ ಹಳೇ ಪೇಟೆ ನನಗೆ ‘ಬರ್ರಿ ಅಂಜನಕುಮಾರ್’ ಅನ್ನುತ್ತದೆ. ಬಡ್ಡಿ ಸಾಹುಕಾರರು ಅನ್ನುತ್ತಾರೆ, ಕಾರ್ಪೊರೇಷನ್ನಿನವರು ಅನ್ನುತ್ತಾರೆ, ನನ್ನ ಅಂಗಡಿಯ ಎದುರು ಮಲಗುವ ನಾಯಿ ಕೂಡ ಬಾಲದಲ್ಲಿ ‘ರಿ’ ಹಾಕಿಯೇ ಮಾತಾಡಿಸುತ್ತದೆ. ಅತ್ತೆಯ ಬಾಯಲ್ಲಿ ಮಾತ್ರ ನಾನು ಬರೀ ‘ಬಾ.’

‘ಅಮ್ಮನಿಗೆ ಸೊಲ್ಪ ಹೇಳಬಾರದಾ?’ ಅಂತ ಆಶಾರಾಣಿಗೆ ಎಷ್ಟೋ ಸಲ ಅಂದಿದ್ದೇನೆ.

‘ಏನಂತ ಹೇಳ್ಲಿ? ನಮ್ಮನಿಯೋರಿಗೆ ಒಂದು ರಿ ಕಡಿಮಿ ಬಿದ್ದೈತೆ, ಕೊಟ್ಟು ಕಳಿಸು ಅಂತನಾ?’

ಹೀಗೆ ಉರಿದುಕೊಂಡು ಇರುವಾಗ ನಮ್ಮ ಭಾಮೈದ ಮಾರುತಿ ವಿದ್ಯಾನಗರದಲ್ಲಿ ಮನೆ ಕಟ್ಟಿದ. ಭೀಮವ್ವನ ಒಬ್ಬನೇ ಮಗ, ಇಬ್ಬರು ಅಕ್ಕಂದಿರಿಗೂ ಕಿರಿಯವನು, ಕಾಲೇಜಿನಲ್ಲಿ ಕೆಲಸ. ಗೃಹಪ್ರವೇಶಕ್ಕೆ ಕರೆಯಲು ಬಂದವನು, ‘ಭಾವ, ಅಪ್ಪನ ಫೋಟೋ ನಿಮ್ದೇ ಜವಾಬ್ದಾರಿ’ ಅಂದ. ನಾನು ಕೇಳಿದ್ದು ಆ ಮಾತನ್ನಲ್ಲ. ವಿದ್ಯಾನಗರ ಇರುವುದು ಎಲ್ಲಿ? ದಾವಣಗೆರೆಯಲ್ಲಿ. ದಾವಣಗೆರೆ ಯಾರದ್ದು? ಇಷ್ಟು ವರ್ಷ ಕಡರನಾಯಕನಹಳ್ಳಿಯಲ್ಲಿ, ಉಚ್ಚಂಗೆಪ್ಪನ ತಾಲೂಕಿನಲ್ಲಿ, ಅವನ ಹೊಳೆಯ ಗಾಳಿಯಲ್ಲಿ ಸೋತೆ. ಈಗ ಪಂಕ್ತಿ ನನ್ನ ಊರಿಗೆ ಬಂದಿದೆ. ಈ ಸಲ ಮೊದಲ ತುತ್ತು ನನ್ನದೇ ಅಂತ ಅಲ್ಲೇ ನಿಶ್ಚಯ ಮಾಡಿಕೊಂಡೆ.

ಉಪಾಯ ಹುಡುಕಲು ನನಗೆ ಹೊತ್ತು ಬೇಕಾಗಲಿಲ್ಲ. ಹಿಂದಿನ ದಿನ ಉಚ್ಚಂಗೆಪ್ಪನಿಗೆ ಫೋನ್ ಮಾಡಿದೆ.

‘ಉಚ್ಚಂಗೆಪ್ಪಾ, ನಾಳೆ ಹೆಂಗೆ ಬರ್ತೀಯಪ್ಪಾ?’

‘ಬೈಕಿನಾಗೆ ಬರ್ತೀನಿ ಅಣ್ಣಾರೆ. ಇವಳು ಇವತ್ತೇ ಬಸ್ಸಿಗೆ ಹೋದ್ಲು. ಯಾಕ?’

‘ಸೀದಾ ದೊಡ್ಡ ರಸ್ತಿಗೆ ಬರಬ್ಯಾಡ. ಅಲ್ಲಿ ಅಗದು ಗುಡ್ಡೆ ಹಾಕ್ಯಾರೆ. ಆನೆ ಬಿದ್ರೂ ಸೊಂಡ್ಲು ಕಾಣಲ್ಲ, ಅಂಥಾ ಗುಂಡಿ. ನೀನು ಹಳೇ ಪ್ಯಾಟಿ ಒಳಗೆ ಬಂದು, ಗೇಟ್ ದಾಟಿ, ಸುತ್ತು ಹಾಕ್ಕೊಂಡು ಬಾ.’

‘ಗೇಟ್ ದಾಟಿ?’ ಅಂತ ಇನ್ನೊಂದು ಸಲ ಕೇಳಿಕೊಂಡ. ‘ಆತು ಅಣ್ಣಾರೆ’ ಅಂದ.

ಹರಿಹರದಿಂದ ವಿದ್ಯಾನಗರಕ್ಕೆ ಬರುವವನಿಗೆ ಹಳೇ ಪೇಟೆಗೆ ಕಾಲಿಡುವ ಕೆಲಸವೇ ಇಲ್ಲ. ಆ ಗೇಟು ಎಷ್ಟು ಹೊತ್ತಿಗೆ ಬೀಳುತ್ತದೆ, ಯಾವ ಗಾಡಿಗೆ ಎಷ್ಟು ಹೊತ್ತು ಕೂರುತ್ತದೆ ಅನ್ನುವುದು ಸ್ಟೇಷನ್ ಮಾಸ್ಟರಿಗಿಂತ ಚೆನ್ನಾಗಿ ನನಗೆ ಗೊತ್ತು. ನನ್ನ ಮದುವೆಯ ಋಣ ಅದು. ತೀರಿಸಲಿ ಅಂದುಕೊಂಡೆ.

ಗೃಹಪ್ರವೇಶದ ದಿನ ನಾನು ಮಾವನ ಫೋಟೋ ಹೊತ್ತು ಎಲ್ಲರಿಗಿಂತ ಮೊದಲು ಹೋದೆ. ಫ್ರೇಮ್ ಎಂಥದ್ದು ಅಂದರೆ, ಬಾಗಿಲಲ್ಲಿ ಓರೆ ಮಾಡದೆ ಒಳಗೆ ಹೋಗಲಿಲ್ಲ. ಚಿನ್ನದ ಬಣ್ಣದ ಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ನವಿಲು. ‘ಅಪ್ಪ ಇಷ್ಟು ದೊಡ್ಡೋರು ಇದ್ದಿಲ್ಲ ಭಾವ’ ಅಂದ ಮಾರುತಿ. ನಡುಮನೆಯ ಗೋಡೆಗೆ ಹಾಕಿದೆವು. ಹಾಲು ಉಕ್ಕಿತು, ಪೂಜೆ ಮುಗಿಯಿತು, ದೇವರ ಎಡೆ ಆಯಿತು. ನಾನು ಎಂದಿನಂತೆ ಒಳಗೆ ಹೋಗಿ ಅತ್ತೆ ಮಾಡಿದ ಗೋಧಿ ಹುಗ್ಗಿ ಹೆಂಗಾಗಿದೆ ನೋಡಿಕೊಂಡು ಬಂದೆ. ಮೇಲೆ ತಾರಸಿಯಲ್ಲಿ ಶಾಮಿಯಾನ. ಎಲೆ ಹಾಸಿದರು. ಉಚ್ಚಂಗೆಪ್ಪ ಇನ್ನೂ ಬಂದಿರಲಿಲ್ಲ.

ನನ್ನ ಎದೆಯೊಳಗೆ ಡೊಳ್ಳು, ಸಮಾಳ, ಬ್ಯಾಂಡ್‌ಸೆಟ್ ಎಲ್ಲ ಒಟ್ಟಿಗೆ ಶುರುವಾದವು. ಮೊದಲ ಸಾಲಿನ ಮೊದಲ ಎಲೆಯ ಮುಂದೆ ಹೋಗಿ ಪದ್ಮಾಸನ ಹಾಕಿ ಕೂತೆ. ಜನ ಕೂತರು. ಕೋಸಂಬರಿ ಬಂತು, ಪಲ್ಯ ಬಂತು, ಹುಗ್ಗಿ ಬಂತು, ಮೇಲೆ ತುಪ್ಪ ಬಂತು. ನಾನು ಎಲೆಯ ಸುತ್ತ ನೀರು ಬಿಟ್ಟು ಕೈಯನ್ನು ಹುಗ್ಗಿಗೆ ತಂದೆ.

‘ಏಳು ಮ್ಯಾಲೆ!’

ಭೀಮವ್ವ ಮೆಟ್ಟಿಲು ಹತ್ತಿ ಬಂದು ತಾರಸಿಯ ಬಾಗಿಲಲ್ಲಿ ನಿಂತಿದ್ದಳು.

‘ಅದು ಉಚ್ಚಂಗೆಪ್ಪಾರ ಎಲಿ. ಅವ್ರು ಬರಲಿ.’

‘ಅತ್ತೆ, ಅನ್ನ ಆರ್ತೈತೆ. ಜನ ಹಸಿದಾರೆ.’

‘ಜನಕ್ಕೆ ನಾನು ಹೇಳ್ತೀನಿ. ನೀನು ಏಳು.’

ಎದ್ದೆ. ಅಷ್ಟು ಜನರ ಮುಂದೆ ಪದ್ಮಾಸನ ಬಿಚ್ಚಿ ಏಳುವುದು ಎಷ್ಟು ಕಷ್ಟ ಅಂತ ಎದ್ದವನಿಗೇ ಗೊತ್ತು. ಮಾರುತಿ ಫೋನ್ ಮಾಡಿದ. ‘ರಿಂಗ್ ಆಗ್ತೈತೆ, ಎತ್ತಾವಲ್ರು’ ಅಂದ. ತಾರಸಿಯ ತುಂಬ ಕೈಗಳು ಎಲೆಯ ಮೇಲೆ ಗಾಳಿಯಲ್ಲಿ ನಿಂತಿದ್ದವು. ಮಾರುತಿಯ ಕಾಲೇಜಿನ ಮೇಷ್ಟರೊಬ್ಬರು, ‘ಇದು ಯಾವ ಶಾಸ್ತ್ರ?’ ಅಂತ ಪಕ್ಕದವರನ್ನು ಕೇಳಿದರು. ‘ಅಳಿಯ ಶಾಸ್ತ್ರ ಸಾರ್, ಕೈ ಕೆಳಗಿಳಿಸಬ್ಯಾಡ್ರಿ’ ಅಂದರು ಅವರು.

ನನಗೆ ತಡೆಯಲಾಗಲಿಲ್ಲ. ಅತ್ತೆಯ ಹಿಂದೆಯೇ ಅಡುಗೆಮನೆಗೆ ಇಳಿದೆ.

‘ಅತ್ತೆ, ಇವತ್ತು ಕೇಳೇಬಿಡ್ತೀನಿ. ನಾನೇನು ಕಮ್ಮಿ ಮಾಡೀನಿ? ಹಿರಿ ಮಗಳ ಗಂಡ ನಾನು. ಮಾವನ ಫೋಟೋಕ್ಕೆ ನಾಕು ನವಿಲು ಕೂರಿಸಿದೋನು ನಾನು. ತುತ್ತು ಹೋಗ್ಲಿ, ಒಂದು ರಿ ಅನ್ನಾಕೂ ನಿನ್ನ ನಾಲಿಗಿ ಏಳಲ್ವಲ್ಲ! ಅವನಿಗೆ ಕೂಡ್ರಿ, ನನಗೆ ಏಳು!’

ಭೀಮವ್ವ ಸೌಟು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ನಿನ್ನ ಮೀಸಿ ಮ್ಯಾಲೆ ಏನೈತೆ?’

ಮುಟ್ಟಿ ನೋಡಿದೆ. ಹುಗ್ಗಿ.

‘ಇಷ್ಟು ವರ್ಷ ಪ್ರತಿ ಹಬ್ಬಕ್ಕೂ, ಎಡಿ ಆದ ಮರುಗಳಿಗಿಗೆ ಒಲಿ ಮುಂದೆ ನಿಂತು ತಿಂದೋನು ಯಾರು? ಅದು ಎಷ್ಟನೇ ತುತ್ತು ಅಂತ ನೀನೇ ಎಣಸಿ ಹೇಳು. ಅವ್ರು ಪಂಕ್ತೀಗೆ ಮೊದಲ ತುತ್ತು ಎತ್ತೋ ಹೊತ್ತಿಗೆ ನಿಂದು ಅರ್ಧ ಊಟ ಆಗಿರ್ತೈತೆ.’

ನಾನು ಮೀಸೆ ಒರೆಸಿಕೊಂಡೆ. ಒರೆಸಿದಷ್ಟೂ ಬಂತು, ಇನ್ನೊಂದು ಪಂಕ್ತಿಗೆ ಬಡಿಸುವಷ್ಟು ಹುಗ್ಗಿ ಇತ್ತು ಅಲ್ಲಿ.

‘ಮದುವಿ ಆದ ಮ್ಯಾಲೆ ಮೊದಲ ಸಲ ಬಂದಿ ನೆಪ್ಪೈತಾ? ಪಡಸಾಲಿನಾಗೆ ಚಾಪಿ ಹಾಸಿದ್ವಿ. ನೀನು ಕೂತ್ಯಾ? ಸೀದಾ ಒಳಗೆ ಬಂದು ಗಡಿಗಿ ಮುಚ್ಚಳ ತೆಗೆದು, ಏನೈತೆ ಅಂದಿ. ನನ್ನ ಹೊಟ್ಟಿಯಾಗೆ ಹುಟ್ಟಿದ ಮಾರುತಿನೂ ಹಂಗೇ ಮಾಡ್ತಿದ್ದ. ಮುಚ್ಚಳ ತೆಗೆದೋನಿಗೆ ಯಾರಾದ್ರೂ ರಿ ಅಂತಾರಾ? ಅವತ್ತೇ ಉದುರಿ ಹೋತು. ಉಚ್ಚಂಗೆಪ್ಪಾರು ಇವತ್ತಿನ ತನಕ ಅಡಿಗಿಮನಿ ಹೊಸ್ತಿಲು ದಾಟಿಲ್ಲ. ಕರೆದ್ರೆ ಬರ್ತಾರೆ, ಕೂಡ್ಸಿದಲ್ಲಿ ಕೂಡ್ತಾರೆ. ನೆಂಟ್ರು ಅವ್ರು. ನೆಂಟ್ರಿಗೆ ಬಿಟ್ಟು ನಾವು ಉಣ್ಣಾಕೆ ಆಗ್ತೈತಾ? ಏನೋ ಮನಿ ಮಗ ಅಂದ್ಕಂಡ್ರೆ, ನೆಂಟರ ಎಲಿಗೆ ಹೋಗಿ ಕೂತಾನೆ!’

ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದು. ಉಚ್ಚಂಗೆಪ್ಪ ಬೆವತುಕೊಂಡು ಬಂದ. ಎಲ್ಲರೂ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದರು. ದಾರಿ ಹೇಳಿದವರು ಯಾರು ಅಂತ ಇವನು ಹೇಳಿದರೆ ನಾನು ಆ ನಾಲ್ಕು ನವಿಲಿನ ಫ್ರೇಮಿನೊಳಗೆ ಮಾವನ ಪಕ್ಕದಲ್ಲೇ ಕೂರಬೇಕಾಗುತ್ತದೆ.

‘ಯಾಕೆ ಭಾವ ಇಷ್ಟು ತಡ?’ ಮಾರುತಿ ಕೇಳಿದ.

ಉಚ್ಚಂಗೆಪ್ಪ ನನ್ನ ಕಡೆ ನೋಡಿದ. ‘ಗೇಟ್ ಹಾಕಿದ್ರು’ ಅಂದ.

ತಾರಸಿ, ಮೆಟ್ಟಿಲು, ಅಂಗಳ ಎಲ್ಲ ಕಡೆಯಿಂದ ನಗು ಉರುಳಿ ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಆಶಾರಾಣಿ. ‘ದೋಸಿ ಹೆಂಗಿತ್ತು ಉಚ್ಚಂಗೆಪ್ಪಾ?’ ಅಂದಳು.

ಅವನನ್ನು ಕರೆದುಕೊಂಡು ಹೋಗಿ ಎಲೆಯ ಮುಂದೆ ಕೂರಿಸಿದರು. ‘ಕೂಡ್ರಿ, ಕೂಡ್ರಿ’ ಅಂತ ಭೀಮವ್ವ ಸೆರಗು ಎಳೆದುಕೊಂಡಳು. ನನ್ನ ಕಡೆ ತಿರುಗಿ, ‘ಅಂಜನಾ, ನಿಂತು ನೋಡ್ತೀಯಲ್ಲ, ಹುಗ್ಗಿ ಆರೈತೆ, ಬಿಸೀದು ತಂದು ನೀಡು’ ಅಂದಳು. ಮಗನಾದದ್ದಕ್ಕೆ ಸಿಕ್ಕ ಮೊದಲ ಆಸ್ತಿ ಅದು, ಒಂದು ಸ್ಟೀಲ್ ಬಕೆಟ್ಟು ಮತ್ತು ಒಂದು ಸೌಟು.

ಬಗ್ಗಿ ಅವನ ಎಲೆಗೆ ಹುಗ್ಗಿ ನೀಡುವಾಗ ಮೆಲ್ಲಗೆ ಕೇಳಿದೆ. ‘ಗೇಟ್ ಐತೆ ಅಂತ ಗೊತ್ತಿದ್ದಿಲ್ಲೇನೋ ನಿನಗೆ?’

‘ಗೊತ್ತಿತ್ತು ಅಣ್ಣಾರೆ.’

‘ಮತ್ತೆ ಯಾಕ ಬಂದಿ ಆ ದಾರಿಗೆ?’

‘ಗೊತ್ತಿದ್ದೇ ಬಂದೆ. ಗೇಟ್ ಎದ್ದ ಮ್ಯಾಲೂ ಅಲ್ಲೇ ಕಟ್ಟಿ ಮ್ಯಾಲೆ ಕೂತಿದ್ದೆ. ಫೋನ್ ಬಡಕಂತು, ಎತ್ತಲಿಲ್ಲ. ಇವತ್ತೊಂದಿನ ಆದ್ರೂ ಈ ತುತ್ತು ನೀವು ಎತ್ತಲಿ ಅಂತ.’ ಅವನು ಎಲೆಯಿಂದ ತಲೆ ಎತ್ತಲಿಲ್ಲ. ‘ಅಷ್ಟು ಜನ ನನ್ನ ಬಾಯೇ ನೋಡ್ತಾರೆ. ಕೈ ನಡುಗ್ತೈತೆ. ನುಂಗಾಕಾಗಲ್ಲ. ನೀವಾದ್ರೆ ಒಳಗೆ ಹೊಕ್ಕು, ಬಾ ಅನ್ನಿಸ್ಕಂಡು, ನಿಂತಲ್ಲೇ ತಿಂದು ಬರ್ತೀರಿ. ನನಗೆ ಇನ್ನೂ ಬರ್ರಿ. ಊರಾಚೆ ನಿಲ್ಲಿಸಿ ಮಾತಾಡ್ಸಿದಂಗೆ ಆಗ್ತೈತೆ. ನಿಮ್ಮನ್ನ ನೋಡಿ ಎಷ್ಟು ಹೊಟ್ಟಿ ಉರ್ಕಂಡೀನಿ ಅಂದ್ರೆ, ಹೇಳಬಾರ್ದು.’

ಬಕೆಟ್ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಅಲ್ಲ, ಹೊಟ್ಟೆ ಉರಿದುಕೊಳ್ಳುವುದರಲ್ಲಿ ಕರ್ನಾಟಕಕ್ಕೇ ನಾನು ಮೊದಲಿಗ ಅಂದುಕೊಂಡಿದ್ದೆ. ಅದರಲ್ಲೂ ಇವನು ನನಗೆ ಪೈಪೋಟಿ! ಆದರೆ ಅವನು ಮಾತು ಮುಗಿಸಿ ತುತ್ತು ಎತ್ತಿದಾಗ ಕೈ ನಡುಗುವುದನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಬೇಕೆಂದು ಅಲ್ಲ. ಸುತ್ತ ಅಷ್ಟೂ ಕಣ್ಣು ಅವನ ಗಂಟಲ ಮೇಲೆ. ನಾನು ಬಕೆಟ್ ಸಮೇತ ಅವನಿಗೂ ಪಂಕ್ತಿಗೂ ನಡುವೆ ಅಡ್ಡ ನಿಂತೆ. ನನ್ನ ಮೈ ಒಂದು ಅಡ್ಡಗೋಡೆಗೆ ಸಾಕಾಗುವಷ್ಟು ಇದೆ. ಆ ಮರೆಯಲ್ಲಿ ಅವನು ಒಂದೇ ಸಲಕ್ಕೆ ಗುಳಕ್ ಅನ್ನಿಸಿದ. ತಾರಸಿಯ ತುಂಬ ಕೈಗಳು ಎಲೆಗೆ ಬಿದ್ದವು.

ಊಟ ಮುಗಿದು ಜನ ಎಲೆ ಅಡಿಕೆಗೆ ಹೋದ ಮೇಲೆ ನಾನು ಉಚ್ಚಂಗೆಪ್ಪನ ರಟ್ಟೆ ಹಿಡಿದೆ.

‘ಬಾ ಇಲ್ಲಿ.’

‘ಎಲ್ಲಿಗೆ ಅಣ್ಣಾರೆ?’

‘ಬಾಯಿ ಮುಚ್ಕಂಡು ಬಾ.’

ಅಡುಗೆಮನೆಯ ಹೊಸ್ತಿಲ ಹತ್ತಿರ ಅವನ ಕಾಲುಗಳು ತಾವಾಗಿ ನಿಂತವು. ನಾನು ಬೆನ್ನಿಗೆ ಕೈ ಹಾಕಿ ನೂಕಿದೆ. ಭೀಮವ್ವ ನಮ್ಮ ಕಡೆ ಬೆನ್ನು ಮಾಡಿ ಕೂತು ಪಾತ್ರೆ ಬಳಿಯುತ್ತಿದ್ದಳು. ಕಟ್ಟೆಯ ಮೇಲಿದ್ದ ಹುಗ್ಗಿಯ ಬೋಗುಣಿ ತೋರಿಸಿ, ಮುಚ್ಚಳ ತೆಗೆ ಅಂತ ಕಣ್ಣಲ್ಲೇ ಹೇಳಿದೆ. ಅವನು ತೆಗೆದ. ಲೇತ್ ಹಿಡಿಯುವ ಕೈ, ಆದರೂ ಮುಚ್ಚಳ ಠಣ್ ಅಂತು.

ಭೀಮವ್ವ ತಿರುಗದೆಯೇ ಅಂದಳು. ‘ಬಂದ್ಯಾ? ಕೈ ತೊಳ್ಕಂಡು ಮುಟ್ಟು. ತಳದಾಗೆ ಗೋಡಂಬಿ ಅದಾವೆ, ಕೆದಕಿ ತಗೋ.’

ಉಚ್ಚಂಗೆಪ್ಪ ಮುಚ್ಚಳ ಹಿಡಿದು ಹಾಗೇ ನಿಂತ. ಮುಖ ನೋಡಬೇಕಿತ್ತು ನೀವು. ನಾನು ಕಟ್ಟು ಹಾಕಿದ ಸಾವಿರಾರು ಮುಖಗಳಲ್ಲಿ ಅಂಥ ಮುಖ ಒಂದೂ ಇಲ್ಲ. ಸದ್ದಿಲ್ಲದ್ದು ನೋಡಿ ಭೀಮವ್ವ ತಿರುಗಿದಳು. ನಾಲಿಗೆ ಕಚ್ಚಿಕೊಂಡಳು. ಸೆರಗು ತಲೆಗೆ ಹೋಯಿತು.

‘ಅಯ್ಯ ನನ್ನವ್ವಾ, ನೀವಾ! ಇವನು ಅಂತ ತಿಳ್ಕಂಡು...’

‘ಹಂಗೇ ಇರ್ಲಿ ಅತ್ತೆ’ ಅಂದ ಉಚ್ಚಂಗೆಪ್ಪ. ‘ಹಂಗೇ ಅನ್ರಿ.’

ಭೀಮವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗನ್ನು ಮೆಲ್ಲಗೆ ಹೆಗಲಿಗೆ ಇಳಿಸಿದಳು.

‘ಬಾ ಮತ್ತೆ’ ಅಂದಳು. ‘ನಿಂತ್ಯಾಕ? ತಿನ್ನು.’

ಅವನು ತಿಂದ. ಒಬ್ಬರೂ ನೋಡದ ಜಾಗದಲ್ಲಿ, ನಿಂತಲ್ಲೇ, ಸೌಟಿನಿಂದಲೇ, ಹಸಿದ ಹೋರಿಯ ಹಾಗೆ ತಿಂದ. ಕೈ ನಡುಗಲಿಲ್ಲ. ನಾನು ಇಣುಕಿ ನೋಡುವಷ್ಟರಲ್ಲಿ ತಳ ಕಾಣುತ್ತಿತ್ತು. ಗೋಡಂಬಿ ಇರಲಿಲ್ಲ.

‘ಇನ್ನೂ ಸೊಲ್ಪ ಹಾಕ್ಕೊಳೋ’ ಅಂದಳು ಭೀಮವ್ವ ಅವನಿಗೆ.

ಹಾಕ್ಕೊಳೋ! ಇಷ್ಟು ವರ್ಷದಲ್ಲಿ ನನಗೇ ‘ಓ’ ಸಿಕ್ಕಿರಲಿಲ್ಲ! ಬರೀ ‘ಬಾ’ ತಗೊಂಡು ಸುಮ್ಮನಿದ್ದವನು ನಾನು. ಒಳಗೆ ಬಂದು ಎರಡು ನಿಮಿಷ ಆಗಿಲ್ಲ, ಇವನಿಗೆ ‘ಓ’ ಬೇರೆ!

ಖಾಲಿ ಬಕೆಟ್ ಹಿಡಿದು ನಡುಮನೆಗೆ ಬಂದೆ. ಗೋಡೆಯ ಮೇಲೆ ನಾಲ್ಕು ನವಿಲಿನ ನಡುವೆ ಮಾವ ನನ್ನನ್ನೇ ನೋಡುತ್ತಿದ್ದರು. ‘ಬಂದೋರದು ಆಗ್ಲಿ’ ಅನ್ನುವ ಹಾಗಿತ್ತು ಮುಖ. ಆ ಫ್ರೇಮ್ ಸ್ವಲ್ಪ ಓರೆಯಾಗಿತ್ತು. ನೇರ ಮಾಡಲಿಲ್ಲ ನಾನು. ಇನ್ನೊಬ್ಬ ಮಗ ಹುಟ್ಟಿದ್ದಾನಲ್ಲ, ಅವನು ಬಂದು ಮಾಡಲಿ.